ಕಂಬ ಕೊಟ್ಟ ಹಡಗು

ಹವ್ಯಾಸ ಎನ್ನುವುದು ಹೊಟ್ಟೆ ತುಂಬಿದವರ ಕಾಯಿಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಾನು ಹುಟ್ಟಿ ಬೆಳೆದ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳ ಲೈನು ಮನೆಗಳಲ್ಲಿ ಹವ್ಯಾಸ ಇಟ್ಟುಕೊಂಡವರನ್ನು ಕಂಡ ನೆನಪಿಲ್ಲ. ಶಿಫ್ಟು ಮುಗಿಸಿ ಬಂದವರು ನಿದ್ದೆ ಮಾಡುತ್ತಿದ್ದರು, ನಿದ್ದೆ ಬಾರದವರು ಜಗಳವಾಡುತ್ತಿದ್ದರು. ಸ್ಟಾಂಪು ಕೂಡಿಸುವುದು, ಚಿಟ್ಟೆ ಹಿಡಿಯುವುದು, ಹೂವಿನ ಪಾತಿ ಮಾಡಿಸಿ ಅದರ ಮುಂದೆ ಬೆತ್ತದ ಕುರ್ಚಿ ಹಾಕಿಕೊಂಡು ಕೂರುವುದು, ಇವೆಲ್ಲ ಬಂಗಲೆಯವರ ಬಾಬತ್ತು. ಹೀಗಾಗಿ ನಾನು ಬಿ.ಎ. ಪಾಸು ಮಾಡಿ ಬಂಗಾರಪೇಟೆಯ ಹೈಸ್ಕೂಲಿಗೆ ಭೂಗೋಳದ ಮೇಷ್ಟ್ರಾಗಿ ಸೇರಿದಾಗ ಕಾಲಿಗೆ ಒಂದು ಜೊತೆ ಬೂಟು, ಸಂಜೆಗೆ ಒಂದು ಹವ್ಯಾಸ, ಎರಡೂ ನನಗೆ ಸಲ್ಲಬೇಕಾದದ್ದೇ ಎಂದು ತೀರ್ಮಾನ ಮಾಡಿಕೊಂಡೆ. ಬೂಟು ಕಾಲು ಕಚ್ಚಿತು, ಬಿಟ್ಟೆ. ಹವ್ಯಾಸ ನನ್ನನ್ನೇ ಕಚ್ಚಿ ಹಿಡಿಯಿತು. ಅದು ಮರದಲ್ಲಿ ಹಡಗು ಕಟ್ಟುವ ಹವ್ಯಾಸ.

ಹಡಗು ಅಂದರೆ ಜಾತ್ರೆಯಲ್ಲಿ ಸಿಗುವ ಆಟದ ಸಾಮಾನಲ್ಲ. ಮರದ ತುಂಡೊಂದನ್ನು ದೋಣಿಯ ಹಾಗೆ ಕೆತ್ತಿ ನಡುವೆ ಕಡ್ಡಿ ಸಿಕ್ಕಿಸಿದ್ದೂ ಅಲ್ಲ. ಮೊದಲು ಬೆನ್ನೆಲುಬು, ಆಮೇಲೆ ಒಂದೊಂದಾಗಿ ಪಕ್ಕೆಲುಬು, ಅದರ ಮೇಲೆ ಬೆರಳಗಲದ ತೆಳುವಾದ ಮರದ ಪಟ್ಟಿಗಳ ಹೊದಿಕೆ, ಕೊನೆಗೆ ಹಾಯಿಪಟದ ಕಂಬ, ಹಗ್ಗ, ಏಣಿ. ನಿಜವಾದ ಹಡಗನ್ನು ಯಾವ ಕ್ರಮದಲ್ಲಿ ಕಟ್ಟುತ್ತಾರೋ ಅದೇ ಕ್ರಮದಲ್ಲಿ, ಮೊಳ ಮೀರಿದ ಉದ್ದಕ್ಕೆ. ಇದನ್ನೆಲ್ಲ ನಾನು ಕಲಿತದ್ದು ಒಂದು ಇಂಗ್ಲಿಷ್ ಪುಸ್ತಕದಿಂದ. ಊರು ಬಿಟ್ಟು ಹೋದ ಯಾರೋ ದೊರೆಯ ಬಂಗಲೆಯಿಂದ ಅದು ರಾಬರ್ಟ್‌ಸನ್‌ಪೇಟೆಯ ಹಳೇ ಸಾಮಾನಿನ ಅಂಗಡಿಗೆ ಬಂದು, ತುಕ್ಕು ಹಿಡಿದ ಕಾವಲಿಯ ಕೆಳಗೆ ಬಿದ್ದಿತ್ತು. ಹಿಂದಿನ ಹಾಳೆಗಳನ್ನು ಯಾರೋ ಪೊಟ್ಟಣ ಕಟ್ಟಲು ಹರಿದುಕೊಂಡಿದ್ದರು. ಹಡಗು ಕಟ್ಟುವುದು ಪೂರಾ ಇತ್ತು, ಕಟ್ಟಿದ ಹಡಗನ್ನು ನೀರಿಗೆ ಬಿಡುವ ಭಾಗ ಇರಲಿಲ್ಲ. ಅದೇನು ಮಹಾ, ಹಡಗು ಅಂದಮೇಲೆ ತೇಲಿಯೇ ತೇಲುತ್ತದೆ ಎಂದುಕೊಂಡೆ. ಸಮುದ್ರ ನೋಡಿದ್ದೆನೇ ಎಂದು ನೀವು ಕೇಳಬಹುದು. ಕೇಳಬೇಡಿ. ಅಟ್ಲಾಂಟಿಕ್ ಸಾಗರದ ಪ್ರವಾಹಗಳನ್ನು ಕರಿಹಲಗೆಯ ಮೇಲೆ ಬಾಣ ಹಾಕಿ ಹರಿಸುತ್ತಿದ್ದ ನಾನು ನೋಡಿದ ದೊಡ್ಡ ನೀರು ಎಂದರೆ ಬೇತಮಂಗಲದ ಕೆರೆ. ಮದರಾಸಿಗೆ ಹೋಗುವ ರೈಲು ದಿನವೂ ನಮ್ಮ ಸ್ಟೇಷನ್ನಿನಲ್ಲಿ ನಿಂತು, ನೀರು ತುಂಬಿಸಿಕೊಂಡು, ನನ್ನನ್ನು ಬಿಟ್ಟು ಹೋಗುತ್ತಿತ್ತು.

ನನ್ನ ಹೆಂಡತಿ ಸರೋಜ ಬಂಗಾರಪೇಟೆಗೆ ಹತ್ತಿರದ ಹಳ್ಳಿಯವಳು. ಬಿ.ಎ. ಓದಿದ ಗಂಡು ಎಂದು ಕೊಟ್ಟಿದ್ದರು. ಬಿ.ಎ. ಓದಿದವರು ಸಂಜೆಯ ಹೊತ್ತು ಟೀ ಪೆಟ್ಟಿಗೆಯ ಹಲಗೆ ಸೀಳುತ್ತಾ, ಅಂಟಿಗೆ ಸರೇಸು ಕಾಯಿಸುತ್ತಾ, ಉಪ್ಪುಕಾಗದ ಉಜ್ಜುತ್ತಾ ಕೂರುತ್ತಾರೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅದನ್ನೂ ಸಹಿಸಿಕೊಂಡಳು. ಆದರೆ ಪಟ್ಟಿಗಳನ್ನು ಬಗ್ಗಿಸಬೇಕಾದರೆ ಹಬೆಯಲ್ಲಿ ಬೇಯಿಸಬೇಕು, ನಮ್ಮ ಮನೆಯಲ್ಲಿ ಹಬೆ ಏಳುವ ಪಾತ್ರೆ ಇಡ್ಲಿ ಪಾತ್ರೆ ಒಂದೇ. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಪಟ್ಟಿಗಳನ್ನು ಓರೆಯಾಗಿ ಅದರೊಳಗೆ ಇಟ್ಟು, ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿ ಬೇಯಿಸಿದೆ. ಮರುದಿನದ ಇಡ್ಲಿಗೆ ಬಡಗಿಯ ಅಂಗಡಿಯ ವಾಸನೆ. ಸರೋಜ ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಮುಂದಿನ ಭಾನುವಾರ ನನ್ನ ಮುಂದೆ ತಟ್ಟೆ ಇಟ್ಟು ಅದರಲ್ಲಿ ಬೆಂದ ಎರಡು ಪಟ್ಟಿಗಳನ್ನು ಹಾಕಿ, "ಚಟ್ನಿ ಅರ್ದಿದೀನಿ. ಸಾಲ್ದಿದ್ರೆ ಕೇಳಿ, ಇನ್ನೊಂದು ಒಬ್ಬೆ ಬೇಯ್ತಾ ಐತೆ" ಎಂದಳು.

ನಮ್ಮ ಸಂಸಾರ ಹೀಗೆ ಸಾಗುತ್ತಿದ್ದಾಗ ಅಣ್ಣ ಬಂದ.

ಅಣ್ಣ ಮುನಿವೆಂಕಟಪ್ಪ ಗಣಿಯಲ್ಲಿ ಟಿಂಬರ್ ಕೆಲಸದವನು. ಕಲ್ಲು ಕೊರೆದು ದಾರಿ ಮಾಡಿದ ಹಾಗೆಲ್ಲ ಮೇಲಿನ ಬಂಡೆ ಕುಸಿಯದಂತೆ ಮರ ಕೊಡುವ ಕೆಲಸ. ಆಚೆಗೊಂದು ಈಚೆಗೊಂದು ನೆಟ್ಟ ಮರ, ಮೇಲೆ ಅಡ್ಡಕ್ಕೊಂದು ತೊಲೆ. ಅದಕ್ಕೆ ಗಣಿಯಲ್ಲಿ ಸೆಟ್ಟು ಎನ್ನುತ್ತಾರೆ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಮೀಸೆ ಆಗತಾನೇ ಚಿಗುರುತ್ತಿತ್ತು. ಅವನು ಕೆಳಗಿಳಿದ. ನನಗೂ ಮೀಸೆ ಬಂದು ನಾನೂ ಇಳಿಯುತ್ತೇನೆಂದಾಗ ಕೆನ್ನೆಗೊಂದು ಕೊಟ್ಟು, "ಮನೆಗೊಬ್ಬ ಒಳಿಕ್ಕಿಳಿದ್ರೆ ಸಾಕು ಕಣ್ಲಾ. ನೀನು ಪುಸ್ತಕ ಇಡ್ಕೋ" ಎಂದ. ನಮ್ಮ ವಂಶದಲ್ಲಿ ನನಗಿಂತ ಮೊದಲು ಯಾರೂ ಹೆಬ್ಬೆಟ್ಟು ಬಿಟ್ಟು ಬೇರೆ ಬೆರಳನ್ನು ಕಾಗದದ ಮೇಲೆ ಇಟ್ಟವರಲ್ಲ. ನಾನು ಬಿ.ಎ. ಆದೆ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಆ ಜಂಬದಲ್ಲಿ ದೊಡ್ಡ ಪಾಲು ಅಣ್ಣನದು, ಆದ್ದರಿಂದ ಕಡಿಮೆ ಮಾಡಿ ಹೇಳಲು ನನಗೆ ಅಧಿಕಾರವಿಲ್ಲ.

ಗಣಿಗಳು ಸರ್ಕಾರದ ಕೈಗೆ ಬಂದಿದ್ದ ಹೊಸತು. ಅಣ್ಣನ ಎದೆಗೆ ಕಲ್ಲಿನ ಧೂಳು ಇಳಿದು, ಇನ್ನು ಕೆಳಗಿನ ಕೆಲಸ ಇವನಿಂದಾಗದು ಎಂದು ಬಿಡಿಸಿ ಕಳಿಸಿದರು. ಕೆಲಸ ಹೋದಮೇಲೆ ಲೈನು ಮನೆಯೂ ಹೋಯಿತು. ಅತ್ತಿಗೆ ಎಂದೋ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಒಂದು ತಗಡಿನ ಪೆಟ್ಟಿಗೆ ಹಿಡಿದು ರೈಲಿಳಿದ. ಟಿಕೆಟ್ ಕಲೆಕ್ಟರು ಗೇಟಿನಲ್ಲಿ ಕೈ ಚಾಚಿದ್ದೇ ತಡ, ಪೆಟ್ಟಿಗೆ ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಬಾಯಿ ಅಗಲಿಸಿ ನಿಂತುಬಿಟ್ಟ. ಗಣಿಯ ಬಾಗಿಲಲ್ಲಿ ಚಿನ್ನ ಕದ್ದಿಲ್ಲವೆಂದು ದಿನವೂ ಮೈ ತಡವಿಸಿಕೊಂಡು ಬಂದ ಅಭ್ಯಾಸ. ಸಮವಸ್ತ್ರ ಕಂಡರೆ ಕೈ ತಾನಾಗಿ ಏಳುತ್ತಿತ್ತು. ಆ ಕಲೆಕ್ಟರು ಪಾಪ, "ಟಿಕೆಟ್ ಇಲ್ದಿದ್ರೆ ಇಲ್ಲ ಅನ್ನಪ್ಪ, ಇದ್ಯಾಕೆ ಇಷ್ಟು ಹೆದರ್ತೀಯ" ಎಂದು ಸಮಾಧಾನ ಹೇಳಿದ. ಅಣ್ಣ ಬಾಯಿ ಮುಚ್ಚದೆಯೇ ಟಿಕೆಟ್ಟು ತೆಗೆದುಕೊಟ್ಟ.

ಮನೆಯ ಮುಂದೆ ನಾನು ಬರೆಸಿ ಹಾಕಿದ್ದ ಹಲಗೆಯನ್ನು ಅವನು ಬಹಳ ಹೊತ್ತು ನೋಡಿದ. ಹೆಸರು ಸಣ್ಣದಾಗಿ, ಬಿ.ಎ. ದಪ್ಪಗೆ. ಓದಲು ಬಾರದಿದ್ದರೂ ಅಳತೆ ಗೊತ್ತಾಗುತ್ತದಲ್ಲ. "ಮೈಗಿಂತ ಬಾಲ ದೊಡ್ದು ಮಾಡ್ಸಿದೀಯಲ್ಲೋ" ಎಂದು, ಬೆರಳ ಗೆಣ್ಣಿನಿಂದ ಹಲಗೆಯನ್ನು ಟಕಟಕ ತಟ್ಟಿ, ಕಿವಿಯಿಟ್ಟು, "ಮರ ಒಳ್ಳೇದೇ ಐತೆ" ಎಂದ. ಅಂದಿನಿಂದ ನನ್ನ ಹೆಸರು ಅವನ ಬಾಯಲ್ಲಿ "ಬಿಯೇ" ಎಂದೇ ಆಯಿತು.

ಈ ತಟ್ಟುವುದೊಂದು ಅವನ ಚಾಳಿ. ಬಾಗಿಲ ಚೌಕಟ್ಟು, ಮಂಚದ ಕಾಲು, ಕಡೆಗೆ ಪಕ್ಕದ ಮನೆಯವರು ತಂದ ಹೊಸ ಬೀರು, ಯಾವುದನ್ನೂ ತಟ್ಟದೆ ಬಿಡುತ್ತಿರಲಿಲ್ಲ. ಕೆಳಗೆ ಕತ್ತಲಲ್ಲಿ ಮರವನ್ನು ನೋಡಿ ತಿಳಿಯಲಾಗದು, ಕೇಳಿ ತಿಳಿಯಬೇಕಂತೆ. ಭಾರ ಬಿದ್ದ ಮರ ಕಿರುಗುಟ್ಟುತ್ತದೆ. "ಕೂಗ್ತಾ ಐತೆ ಅಂದ್ರೆ ತಡೀತಾ ಐತೆ ಅಂತ. ಕೂಗೋದು ನಿಲ್ಲಿಸ್ತು ಅನ್ಕೋ, ಕೊಡ್ಲಿ ಬಿಸಾಕಿ ಓಡ್ಬೇಕು" ಎನ್ನುತ್ತಿದ್ದ. ಅವನ ಎದೆಯೂ ಕಿರುಗುಟ್ಟುತ್ತಿತ್ತು. ಮಲಗಿದರೆ ಬಂಡೆ ಮೇಲೆ ಬಿದ್ದಂತೆ ಉಸಿರು ಕಟ್ಟುತ್ತಿದ್ದುದರಿಂದ ಮಲಗುತ್ತಲೇ ಇರಲಿಲ್ಲ. ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದ. ಸರೋಜ ತನ್ನ ಹಳೇ ಸೀರೆಗಳನ್ನು ಮಡಿಸಿ ಹೊಲಿದು ಅವನ ಬೆನ್ನಿಗೆ ಮೆತ್ತೆ ಮಾಡಿಕೊಟ್ಟಳು. "ಬಾವ, ಒಂದು ಗಳಿಗೆ ಒರಗಿ ನೋಡಿ" ಎಂದರೆ, "ಬ್ಯಾಡ ಕಣಮ್ಮ. ನಾನು ಮಲಿಕ್ಕಂಡ್ರೆ ಗೋಡೆ ಬಿದ್ದೋಯ್ತದೆ, ನಾನೇ ಅಲ್ವಾ ಇಡ್ಕಂಡಿರೋದು" ಎನ್ನುತ್ತಿದ್ದ.

ಅವನನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಅಂಗಿ ಬಿಚ್ಚಿಸಿ, ಬೆನ್ನ ಮೇಲೆ ಎಡಗೈ ಬೆರಳಿಟ್ಟು ಅದರ ಮೇಲೆ ಬಲಗೈ ಬೆರಳಿನಿಂದ ತಟ್ಟಿ ತಟ್ಟಿ ಕೇಳಿಸಿಕೊಂಡರು. ಅಣ್ಣನಿಗೆ ಆಶ್ಚರ್ಯವೋ ಆಶ್ಚರ್ಯ. ನನ್ನ ಕಡೆ ತಿರುಗಿ, "ಬಿಯೇ, ಇವ್ರೂ ನಮ್ ಕೆಲಸದೋರೇ ಕಣ್ಲಾ" ಎಂದ. ಆಮೇಲೆ ಡಾಕ್ಟರನ್ನೇ ಕೇಳಿದ: "ಏನಂತದೆ ಸಾಮಿ ಮರ? ತೆಗೆದಾಕ್ಬೇಕಾ, ಇನ್ನೊಂದಷ್ಟು ದಿನ ತಡೀತದಾ?" ಡಾಕ್ಟರಿಗೆ ನಗು ಬಂತು. ನಗುತ್ತಲೇ ಕಿಟಕಿಯ ಕಡೆ ನೋಡಿದರು. ಮತ್ತೆ ನಮ್ಮ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ. ಔಷಧಿ ಬರೆದು ನನ್ನ ಕೈಗೆ ಕೊಟ್ಟು, "ಅವರಿಗೆ ಏನು ಇಷ್ಟವೋ ಅದನ್ನು ಮಾಡಿಕೊಂಡು ಇರಲಿ" ಎಂದರು. ಇಂಗ್ಲಿಷಿನಲ್ಲಿ ಹೇಳಿದರು. ಬಿ.ಎ. ಓದಿದ್ದಕ್ಕೆ ಆ ಮಾತು ನನಗೊಬ್ಬನಿಗೇ ಅರ್ಥವಾಯಿತು.

ಅವನಿಗೆ ಇಷ್ಟವಾದದ್ದು ನನ್ನ ಹಡಗು. ಪಕ್ಕೆಲುಬು ಕೂಡಿಸುವಾಗ ಹಡಗನ್ನು ಮಗುಚಿ ಹಾಕಿಕೊಂಡು ಕಟ್ಟಬೇಕೆಂದು ಪುಸ್ತಕದಲ್ಲಿತ್ತು. ಹಾಗೆ ಮಗುಚಿದ ಹಡಗಿನೊಳಗೆ ಅಣ್ಣ ತಲೆ ಬಗ್ಗಿಸಿ ನೋಡಿದ. ಸಾಲಾಗಿ ನಿಂತ ಪಕ್ಕೆಲುಬುಗಳು, ಮೇಲೆ ಬಾಗಿದ ಮರ.

"ಇದು ಅಡಗಾ? ಇದು ನಮ್ ಸುರಂಗ ಅಲ್ವೇನ್ಲಾ!"

"ತಿರುಗಿಸಿದ ಮೇಲೆ ಹಡಗಾಗುತ್ತೆ ಅಣ್ಣ."

"ಎಂಗ್ ತಿರುಗಿಸಿದ್ರೂ ಒಳಗೆ ಕಂಬ ಇಲ್ಲ. ಮ್ಯಾಲಿಂದ ಬಂಡೆ ಕುಸಿದ್ರೆ ಏನ್ ಮಾಡ್ತೀಯ?"

"ಸಮುದ್ರದಲ್ಲಿ ಮೇಲೆ ಬಂಡೆ ಎಲ್ಲಿರುತ್ತೆ? ಆಕಾಶ ಇರೋದು."

"ಆಕಾಶ ಕುಸಿಯಲ್ಲ ಅಂತ ನಿನ್ ಬಿಯೇನಾಗೆ ಬರೆದವ್ರಾ?"

ಬರೆದಿರಲಿಲ್ಲ. ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಅವನು ಹಡಗನ್ನು ನೆಟ್ಟಗೆ ತಿರುಗಿಸಿಟ್ಟಿದ್ದ, ಅದರೊಳಗೆ ಮೊದಲ ಸೆಟ್ಟು ನಿಂತಿತ್ತು. ಗಣಿಯಿಂದ ತಂದುಕೊಂಡಿದ್ದ ನೀಲಗಿರಿ ಮರದ ಚೂರಿನಲ್ಲಿ ಎರಡು ಕಿರುಬೆರಳುದ್ದದ ಕಂಬ, ಮೇಲೆ ತೊಲೆ. ಕಂಬದ ತಲೆಯಲ್ಲಿ ಕಚ್ಚು ಕೊಟ್ಟು, ಸಂದಿನಲ್ಲಿ ಬೆಣೆ ಹೊಡೆದು, ಸರೇಸಿಲ್ಲದೆಯೇ ಭದ್ರವಾಗಿ ನಿಲ್ಲಿಸಿದ್ದ. ಅದು ಅಂದವಾಗಿತ್ತು, ಅದು ಬೇರೆ ಮಾತು. ಹಡಗಿಗೆ ಅದರ ಅಗತ್ಯ ಮಾತ್ರ ಸುತರಾಂ ಇರಲಿಲ್ಲ. ನನ್ನ ಹಡಗಿನ ಮೈ ಟೀ ಪೆಟ್ಟಿಗೆಯ ಹಗುರ ಮರ. ಅವನ ಮರವೋ ಕಬ್ಬಿಣದಂಥದು. ಅಂಥವು ದಿನಕ್ಕೊಂದರಂತೆ ಏರುತ್ತಾ ಹೋದವು. ಸೆಟ್ಟು ಮುಗಿದರೆ ಎರಡು ಸೆಟ್ಟಿನ ನಡುವೆ ಅಡ್ಡಪಟ್ಟಿ, ಅದಾದರೆ ಮೂಲೆಗೊಂದು ಒತ್ತು. ತೊಲೆಗಳೆಲ್ಲ ಮೇಲೆ, ಕೆಳಗೆ ಬರೀ ಟೊಳ್ಳು. ಇಂಥದ್ದನ್ನು ನೀರಿಗೆ ಬಿಟ್ಟರೆ ನೆಟ್ಟಗೆ ನಿಲ್ಲುವುದಿಲ್ಲವೆಂದು ಹೇಳಲು ಬಿ.ಎ. ಬೇಕಿಲ್ಲ, ತಲೆ ಮೇಲೆ ಬಿಂದಿಗೆ ಹೊತ್ತ ಯಾರನ್ನು ಕೇಳಿದರೂ ಸಾಕು.

ಒಂದು ಸಂಜೆ ಹೇಳಿಯೇಬಿಡೋಣ ಎಂದು ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಅವನೇ, ಉಳಿ ಕೆಳಗಿಟ್ಟು, ಉಸಿರು ಕೂಡಿಸಿಕೊಂಡು ಮಾತಾಡಿದ. "ಅಲ್ಲಿ ಎಷ್ಟ್ ಸೆಟ್ಟು ನಿಲ್ಲಿಸಿದೀನಿ ಅಂತ ನಂಗೇ ಲೆಕ್ಕ ಇಲ್ಲ ಕಣ್ಲಾ. ಒಂದನ್ನೂ ಬಿಸಿಲಾಗೆ ನೋಡಿಲ್ಲ. ದೀಪದ ಬೆಳಕು ಬಿದ್ದಷ್ಟೇ ಕಾಣ್ತಿತ್ತು. ಆ ಜಾಗದ ಕೆಲಸ ಮುಗೀತು ಅಂದ್ರೆ ಕಲ್ಲು ತುಂಬಿ ಮುಚ್ಚಾಕ್ತಾರೆ. ಇದೊಂದು ನೀರಿನ ಮ್ಯಾಲೆ, ಬಿಸಿಲಾಗೆ, ನೆಟ್ಟಗೆ ನಿಲ್ಲೋದು ನೋಡ್ಬೇಕು." ಅಷ್ಟು ಉದ್ದದ ಮಾತಿಗೆ ಅವನಿಗೆ ನಾಲ್ಕಾರು ಸಲ ಉಸಿರು ತಿರುಗಿಸಿಕೊಳ್ಳಬೇಕಾಯಿತು. ನಾನು ಬಗ್ಗಿ ಹಡಗಿನೊಳಗೆ ನೋಡಿದೆ. "ಆ ಕೊನೇ ಕಂಬ ಸ್ವಲ್ಪ ಓರೆ ಇದೆ" ಎಂದೆ. "ಕಣ್ಣು ಓರೆ ನಿಂದು" ಎಂದ.

ಅಂದಿನಿಂದ ನನ್ನ ಪೇಚಾಟ ಶುರುವಾಯಿತು. ಕಂಬಗಳನ್ನು ಕಿತ್ತರೆ ಅಣ್ಣನಿಗೆ ತಿಳಿಯುತ್ತದೆ. ಬಿಟ್ಟರೆ ಹಡಗು ಅವನ ಕಣ್ಣೆದುರೇ ಮಗುಚುತ್ತದೆ. ಉಳಿದದ್ದು ಒಂದೇ ದಾರಿ, ಹಡಗು ಮುಗಿಯಬಾರದು. ಕೆಲಸವನ್ನು ಮುಂದೂಡುವುದರಲ್ಲಿ ನಮ್ಮ ಆಫೀಸುಗಳವರಿಗೆ ನಾನೇನೂ ಕಡಿಮೆಯಿಲ್ಲ ಎಂದು ತೋರಿಸಿದೆ. ಉಜ್ಜಿದ ಪಟ್ಟಿಯನ್ನೇ ಮತ್ತೆ ಉಜ್ಜಿದೆ. ಅಂಟಿಸಿದ್ದನ್ನು ಬಣ್ಣ ಸರಿಹೋಗಿಲ್ಲವೆಂದು ಬಿಡಿಸಿದೆ. ಹಗ್ಗಕ್ಕೆ ತಕ್ಕ ದಾರ ಸಿಗಲಿಲ್ಲವೆಂದು ರಾಬರ್ಟ್‌ಸನ್‌ಪೇಟೆಯ ದಾರದಂಗಡಿಗಳನ್ನೆಲ್ಲ ಸುತ್ತಿ ಬರಿಗೈಲಿ ಬಂದೆ, ದಾರ ಜೇಬಿನಲ್ಲಿತ್ತು. ಪಟದ ಕಂಬಕ್ಕೆ ಮರ ಒಣಗಬೇಕೆಂದೆ. ಒಣಗಿದ ಮೇಲೆ ಅತಿಯಾಗಿ ಒಣಗಿತೆಂದೆ. ಸರೋಜ ಒಂದು ದಿನ, "ಬಾಣಂತಿತನ ಆಗಿ ಮಗು ನಡೆದಾಡೋ ಅಷ್ಟು ದಿನ ಆಯ್ತು, ಈ ಅಡಗು ಇನ್ನೂ ಎದ್ದಿಲ್ಲ" ಎಂದಳು. ನಮಗೆ ಆಗಿನ್ನೂ ಮಕ್ಕಳಿರಲಿಲ್ಲ. ಹಾಗಾಗಿ ಆ ಮಾತಿಗೆ ಇಬ್ಬರೂ ನಗಲಿಲ್ಲ. ಆಮೇಲೆ ಅವಳೇ ದನಿ ಇಳಿಸಿ, "ಮುಗಿಸಬ್ಯಾಡಿ, ಇರ್ಲಿ ಬಿಡಿ" ಎಂದು ಇಡ್ಲಿ ಪಾತ್ರೆಯನ್ನು ತಾನಾಗಿಯೇ ತಂದು ನನ್ನ ಮುಂದಿಟ್ಟಳು. ಆ ಪಾತ್ರೆಯಲ್ಲಿ ನಾವು ಮತ್ತೆ ಇಡ್ಲಿ ಮಾಡಿದ್ದು ಬಹಳ ದಿನಗಳ ಮೇಲೆ.

ಆದರೆ ಸುಳ್ಳು ಹೇಳಲು ನಾನು ಆಯ್ದುಕೊಂಡ ಮನುಷ್ಯನಿಗೆ ಶಬ್ದ ಕೇಳಿಯೇ ಎಲ್ಲ ತಿಳಿಯುತ್ತಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದವನು ಒಂದು ಬೆಳಿಗ್ಗೆ, "ಬಿಯೇ, ಉಜ್ಜೋ ಸದ್ದು ಬರೀ ಸದ್ದಾಗೈತೆ. ಮರ ಸವೀತಿಲ್ಲ, ಕಾಗ್ದ ಸವೀತೈತೆ" ಎಂದ. ನಾನು ಕೈ ನಿಲ್ಲಿಸಿದೆ. "ತೇಲಲ್ಲ ಅಂತ ಭಯಾನಾ?" ಎಂದು ಕೇಳಿದ. ನಾನು ಉಪ್ಪುಕಾಗದವನ್ನು ಮಡಿಸಿದೆ. "ಮುಳುಗಿದ್ರೆ ಮುಳುಗ್ತದೆ ಬಿಡ್ಲಾ. ಮುಳುಗೋ ಅಷ್ಟೊತ್ತಾದ್ರೂ ಬಿಸಿಲಾಗಿರ್ತದಲ್ಲ. ಮುಗಿಸು. ಅಡಗಿನ ಇಂದ್ಗಡೆ ಬಿಯೇ ಅಂತ ಬರ್ಸು, ಅದೇ ತೇಲಿಸ್ತದೆ."

ಮುಗಿಸಿದೆ. ಮುಗಿಸಲು ಹೆಚ್ಚೇನೂ ಉಳಿದಿರಲಿಲ್ಲ, ಮೇಲೆ ಹಲಗೆ ಮುಚ್ಚಿ ಜೇಬಿನ ದಾರ ಕಟ್ಟಿದರಾಯಿತು. ಮೇಲಿನ ಹಲಗೆ ಕೂಡಿಸಿದಾಗ ಅವನ ಕಂಬಗಳೆಲ್ಲ ಒಳಗೆ ಮರೆಯಾದವು. ಒಂದು ಕಡೆ ತೆರೆದಿಡಲೇ ಎಂದು ಕೇಳಿದೆ. "ನೀರು ನುಗ್ಗಲ್ವೇನ್ಲಾ ಪೆದ್ದ, ಮುಚ್ಚು" ಎಂದ.

ಭಾನುವಾರ ಜಟ್ಕಾ ಮಾಡಿಕೊಂಡು ಊರಾಚೆಯ ಕೆರೆಗೆ ಹೋದೆವು. ಅಣ್ಣ ಮುಂದೆ, ಸರೋಜ ಅವನ ಬೆನ್ನಿಗೆ ಮೆತ್ತೆ ಹಿಡಿದುಕೊಂಡು, ನಾನು ಹಿಂದೆ ಹಡಗನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು. ಜಟ್ಕಾದವನು ತಿರುಗಿ ತಿರುಗಿ ನೋಡಿ, "ಮಗೂಗೆ ಗಾಳಿ ತಗಲ್ದಂಗೆ ಮುಖ ಮುಚ್ಚಿ ಸಾ" ಎಂದ. ಮುಚ್ಚಿದೆ. ಕೆರೆಯ ಏರಿಯ ಮೇಲೆ ಹುಣಿಸೇಮರದ ಬುಡಕ್ಕೆ ಅಣ್ಣನನ್ನು ಒರಗಿಸಿ ಕೂರಿಸಿದೆವು. ಬಿಸಿಲು ಚೆನ್ನಾಗಿತ್ತು. ನಾನು ಪಂಚೆ ಮೇಲಕ್ಕೆ ಕಟ್ಟಿ ಮೊಣಕಾಲುದ್ದ ನೀರಿಗಿಳಿದೆ. ದೂರದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ ಎಮ್ಮೆಯನ್ನು ಬಿಟ್ಟು ನನ್ನನ್ನೇ ನೋಡತೊಡಗಿದ. ಮೇಷ್ಟ್ರು ಅಂತ ಗುರುತು ಸಿಕ್ಕಿರಬೇಕು, ನಮಸ್ಕಾರ ಬೇರೆ ಮಾಡಿದ. ಎರಡು ಕೈಯಲ್ಲೂ ಹಡಗಿದ್ದುದರಿಂದ ತಲೆ ಆಡಿಸಿದೆ.

ಹಡಗನ್ನು ನೀರಿನ ಮೇಲಿಟ್ಟು ಮೆಲ್ಲಗೆ ಕೈ ಬಿಟ್ಟೆ. ನಿಂತಿತು. ನಿಜವಾಗಿ ನಿಂತಿತು. ಪಟಗಳ ಮೇಲೆ ಬಿಸಿಲು ಬಿದ್ದು ನೀರಿನಲ್ಲಿ ಬಿಳಿ ನೆರಳು ಮೂಡಿತು. ಏರಿಯ ಮೇಲಿಂದ ಸರೋಜ, "ಬಾವಾ, ನೋಡಿ ನೋಡಿ" ಎಂದದ್ದು ಕೇಳಿಸಿತು. ನಾನು ತಿರುಗಿ ಅಣ್ಣನ ಮುಖ ನೋಡಿದೆ. ಅವನು ನೋಡುತ್ತಿದ್ದ. ನಾನು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ, ಗಾಳಿಯೇನೂ ಬರಲಿಲ್ಲ, ಹಡಗು ಅವಸರವಿಲ್ಲದೆ ಎಡಕ್ಕೆ ವಾಲಿತು, ವಾಲಿತು, ಪಟಗಳನ್ನು ನೀರಿಗೆ ಹಾಸಿ ಪಕ್ಕಕ್ಕೆ ಮಲಗಿತು. ಮುಳುಗಲಿಲ್ಲ. ದುಡಿದು ಬಂದವನು ಚಾಪೆಯ ಮೇಲೆ ಉರುಳಿಕೊಂಡ ಹಾಗೆ ಅಷ್ಟೇ.

ಎತ್ತಿ ನಿಲ್ಲಿಸಲು ಹೋದೆ. "ಬಿಡ್ಲಾ, ಅದ್ನ ಎಬ್ಬಿಸಬ್ಯಾಡ" ಎಂದು ಮೇಲಿಂದ ಅಣ್ಣ ಕೂಗಿದ. ಉಸಿರು ಸಾಲದೆ ತಡೆದು, ಮತ್ತೆ ಹೇಳಿದ. "ಮಲಿಕ್ಕಂಡೈತೆ. ಮಲಗ್ಲಿ. ನಂಗಂತೂ ಆಗಲ್ಲ, ಅದಾದ್ರೂ ಮಲಗ್ಲಿ."

ನಾನು ಮೊಣಕಾಲುದ್ದ ನೀರಿನಲ್ಲಿ ಹಾಗೇ ನಿಂತಿದ್ದೆ. ಎಮ್ಮೆಯವನು, "ಏನ್ ಸಾ, ಬಿದ್ದೋಯ್ತಾ?" ಎಂದು ಕೇಳಿದ. ಸರೋಜ ಏರಿಯ ಮೇಲಿಂದಲೇ ಅವನಿಗೆ, "ನಿನ್ ಎಮ್ಮೆ ನೋಡ್ಕೊಳಪ್ಪ" ಎಂದು ಗದರಿದಳು. ಅಣ್ಣ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಮತ್ತೆ ನಗು.

ಮನೆಗೆ ತಂದು ಹಡಗನ್ನು ಒಣಗಿಸಿದೆ. ಇನ್ನು ನೀರಿಗೆ ಬಿಡುವ ಗೋಜಿರಲಿಲ್ಲವಲ್ಲ, ಒಂದು ಪಕ್ಕದ ಪಟ್ಟಿಗಳನ್ನು ಪೂರಾ ಬಿಚ್ಚಿಬಿಟ್ಟೆ. ಒಳಗಿನ ಸೆಟ್ಟುಗಳೆಲ್ಲ ಕಂಡವು. ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಬೆಳಗಿನ ಬಿಸಿಲು ಬೀಳುವಲ್ಲಿ, ಅಣ್ಣನಿಗೆ ಎದುರಾಗಿ ಇಟ್ಟೆ. ಕಾಫಿ ಕುಡಿಯುವಾಗ ಅವನು ಅದನ್ನು ನೋಡುತ್ತಾ ಬಹಳ ನಿಧಾನವಾಗಿ ಕುಡಿಯುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಅವನ ಕೆಮ್ಮು ಕಡಿಮೆಯಾಯಿತು. ಎದೆಯ ಕಿರುಗುಟ್ಟು ನಿಂತಿತು. ಮನೆಯಲ್ಲಿ ಸದ್ದಿಲ್ಲ. ಹೊಸ ಔಷಧಿ ಹಿಡಿಸಿತೆಂದು ನಾನು ಸರೋಜನಿಗೆ ಹೇಳಿದೆ, ಅವಳು ಮುನೇಶ್ವರನಿಗೆ ಹರಕೆ ಹೇಳಿಕೊಂಡದ್ದು ಫಲಿಸಿತೆಂದಳು. ಇಬ್ಬರೂ ಸಂತೋಷಪಟ್ಟೆವು. ಮರದ ಮಾತು, ಕೂಗುವುದು ನಿಲ್ಲಿಸಿದ ಮರದ ಮಾತು, ಅದನ್ನು ಅವನ ಬಾಯಿಂದ ಅಷ್ಟು ಸಲ ಕೇಳಿದ್ದ ನನಗೆ ಹೊಳೆಯಲೇ ಇಲ್ಲ. ಒಂದು ಬೆಳಿಗ್ಗೆ ಸರೋಜ ಕಾಫಿ ಲೋಟ ಹಿಡಿದುಕೊಂಡು ಹೋಗಿ, "ಬಾವಾ" ಎಂದಳು. ಮತ್ತೊಮ್ಮೆ ಎಂದಳು. ಅವನು ಗೋಡೆಗೆ ಒರಗಿಕೊಂಡೇ ಇದ್ದ, ಮುಖ ಕಿಟಕಿಯ ಕಡೆಗೆ. ಅವನನ್ನು ಚಾಪೆಯ ಮೇಲೆ ಮಲಗಿಸಿದೆವು. ಅಷ್ಟು ತಿಂಗಳಲ್ಲಿ ಅವನು ನೆಟ್ಟಗೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆ ಬೀಳಲಿಲ್ಲ. ಆದರೂ ನಾನು ಒಂದು ಗಳಿಗೆ ಅದರ ಕಡೆ ನೋಡಿದ್ದುಂಟು.

ಆಮೇಲೆ ನಾನು ಹಡಗು ಕಟ್ಟಲಿಲ್ಲ. ಉಳಿದಿದ್ದ ಟೀ ಪೆಟ್ಟಿಗೆಯಲ್ಲಿ ಸರೋಜ ಕೋಳಿಮರಿ ಮುಚ್ಚಿದಳು. ಹವ್ಯಾಸವಿಲ್ಲದ ಲೈನಿನ ಸಂಪ್ರದಾಯಕ್ಕೆ ನಾವು ಹೀಗೆ ಮರಳಿದೆವು. ವರ್ಷ ತುಂಬಿದ ಮೇಲೆ ಒಂದು ರಜೆಯಲ್ಲಿ ಅವಳೇ, "ನಡೀರಿ, ಆ ಸಮುದ್ರ ಅನ್ನೋದನ್ನ ನೋಡ್ಬಿಟ್ಟು ಬರೋಣ, ಪಾಠ ಮಾಡೋರು ಎಷ್ಟು ದಿನ ಅಂತ ಸುಳ್ಳು ಏಳ್ತೀರಿ" ಎಂದು ಮದರಾಸಿನ ರೈಲು ಹತ್ತಿಸಿದಳು. ಸಮುದ್ರ ನಾನು ಪಾಠ ಮಾಡುತ್ತಿದ್ದುದಕ್ಕಿಂತ ದೊಡ್ಡದಿತ್ತು, ಸದ್ದೂ ಹೆಚ್ಚು. ನನ್ನ ಬಾಣಗಳು ಎಲ್ಲೂ ಕಾಣಲಿಲ್ಲ. ಯಾರನ್ನೋ ಹಿಡಿದು ಬಂದರಿನೊಳಕ್ಕೂ ಹೋದೆವು. ಗೇಟಿನಲ್ಲಿ ಪೊಲೀಸಿನವನು ಎದುರಾದಾಗ ನನ್ನ ಎರಡೂ ಕೈ ಅರ್ಧದವರೆಗೆ ಮೇಲ್ಹೋದವು; ಗಣಿಗೆ ಇಳಿಯದವನಿಗೆ ಆ ಚಾಳಿ ಎಲ್ಲಿಂದ ಬಂತೋ ಕಾಣೆ. ಒಳಗೆ ಕಬ್ಬಿಣದ ದೊಡ್ಡ ಹಡಗುಗಳ ಆಚೆ, ಗೋಡೆಗೆ ಕಟ್ಟಿ ನಿಲ್ಲಿಸಿದ್ದ ಒಂದು ಮರದ ಸರಕು ಹಡಗು ಇತ್ತು. ಪಟ ಸುತ್ತಿಟ್ಟಿತ್ತು. ನಾನು ಹತ್ತಿರ ಹೋದೆ. ಬಗ್ಗಿ, ಬೆರಳ ಗೆಣ್ಣಿನಿಂದ ಅದರ ಪಕ್ಕೆಗೆ ಟಕಟಕ ತಟ್ಟಿ, ಕಿವಿ ಇಟ್ಟೆ.

ಮೇಲಿನ ಕಟಕಟೆಯಿಂದ ಹಡಗಿನ ಖಲಾಸಿಯೊಬ್ಬ ತಲೆ ಹೊರಗೆ ಹಾಕಿದ. ಮನೆಯ ಬಾಗಿಲು ತಟ್ಟಿದವರನ್ನು ಕೇಳುವಷ್ಟೇ ಮರ್ಯಾದೆಯಿಂದ, "ಯಾರ್ ಸಾರ್ ವೇಣುಂ?" ಎಂದ. ಯಾರು ಬೇಕಾಗಿತ್ತು ಅಂತ.

ನಮ್ಮ ಕಡೆಯವರಿಗೆ ತಮಿಳು ಗೊತ್ತು, ತೆಲುಗು ಗೊತ್ತು, ಕನ್ನಡ ಹೇಗೂ ಮನೆಯದು. ನಾನಂತೂ ಬಿ.ಎ., ಇಂಗ್ಲಿಷೂ ಬರುತ್ತದೆ. ಆ ಖಲಾಸಿ ತಲೆ ಹೊರಗಿಟ್ಟುಕೊಂಡು ಕಾಯುತ್ತಲೇ ಇದ್ದ, ನನಗೆ ಒಂದರಲ್ಲೂ ಉತ್ತರ ಬರಲಿಲ್ಲ.